ಎಣಿಕೆಗೆ ಬರುವ ದಿನ, ಬಾರದ ದಿನ: ವೀಸಾ ಮತ್ತು ನೆಲೆಯ ಕುರಿತು

ಕನ್ನಡ ಎಂ.ಎ. ಓದುವವಳು ವೀಸಾದ ಬಗ್ಗೆ ಯಾಕೆ ಮಾತಾಡ್ತಾಳೆ ಅಂತ ಅನ್ನಿಸಬಹುದು. ನಾನು ಕಾಸರಗೋಡಿನವಳು. ನಮ್ಮ ಕಡೆ 'ಅವನಿಗೆ ವೀಸಾ ಆಯ್ತು' ಅಂದರೆ ಕೆಲಸ ಆಯ್ತು, ಮನೆಗೆ ಹಂಚು ಹೋಗಿ ಟೆರೇಸು ಬರುತ್ತದೆ ಅಂತಲೇ ಅರ್ಥ. ಆ ಮಾತಿನಲ್ಲಿ ಅಡಗಿರುವ ಒಂದು ತಪ್ಪುತಿಳಿವಳಿಕೆಯನ್ನು ಬಿಡಿಸಿ ನೋಡುವುದಷ್ಟೇ ಇವತ್ತಿನ ನನ್ನ ಉದ್ದೇಶ.

ಗಡಿನಾಡಿನ ವಿಚಾರ ಬಂದಾಗ ನಾವು 1956ರ ನವೆಂಬರ್ 1ರಿಂದ ಶುರು ಮಾಡುತ್ತೇವೆ. ಅಂದು ನಮ್ಮ ಅಜ್ಜ ಇದ್ದ ಮನೆಯಲ್ಲೇ ಇದ್ದರು. ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಜನ ಅಲ್ಲಾಡಲಿಲ್ಲ, ಗಡಿ ಅಲ್ಲಾಡಿತು. ಮಾವನ ಕತೆ ಇದಕ್ಕೆ ತಿರುಗುಮುರುಗು. ಗಡಿ ಇದ್ದಲ್ಲೇ ಇತ್ತು, ಅವರು ದಾಟಿದರು. ಶಾರ್ಜಾದಲ್ಲಿ 24 ವರ್ಷ ಇದ್ದು, ಹೋದಾಗ ಯಾವ ಸ್ಥಾನದಲ್ಲಿದ್ದರೋ ಅದೇ ಸ್ಥಾನದಲ್ಲಿ ಹಿಂದೆ ಬಂದರು.

ಯಾಕೆ ಹೀಗೆ? ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ ಕೆಲಸದವರಿಗೆ ಸಿಗುವುದು ವಾಸದ ಪರವಾನಗಿ. ಖಾಸಗಿ ಕಂಪೆನಿಯ ನೌಕರರಿಗೆ ಈಗ ಸಾಮಾನ್ಯವಾಗಿ ಎರಡು ವರ್ಷದ್ದು. ಅದು ಕೆಲಸ ಕೊಟ್ಟವನಿಗೆ ಕಟ್ಟಿಕೊಂಡಿರುತ್ತದೆ. ಕೆಲಸ ಹೋದರೆ ಪರವಾನಗಿ ರದ್ದು. ನಿಗದಿತ ಅವಧಿಯೊಳಗೆ ಬೇರೆ ಕೆಲಸ ಹಿಡಿಯಬೇಕು, ಇಲ್ಲವೇ ವಿಮಾನ ಹತ್ತಬೇಕು. ಹನ್ನೆರಡು ಸಲ ನವೀಕರಿಸಿದರೂ ಹನ್ನೆರಡನೆಯದು ಮೊದಲನೆಯದಕ್ಕಿಂತ ಗಟ್ಟಿಯಲ್ಲ. ದಿನಗಳು ಕಳೆಯುತ್ತವೆ, ಕೂಡುವುದಿಲ್ಲ. ನನಗೆ ಮುಖ್ಯ ಅಂತ ಕಾಣುವುದು ಇದೇ.

ಕುಟುಂಬವನ್ನು ಕರೆಸಿಕೊಳ್ಳುವುದೂ ಸಂಬಳದ ಮೇಲೆ ನಿಂತಿದೆ: ತಿಂಗಳಿಗೆ 4,000 ದಿರ್ಹಮ್, ಅಥವಾ 3,000 ಮತ್ತು ವಸತಿ. ಮಾವನಿಗೆ ಅದು ಮುಟ್ಟಲಿಲ್ಲ. ಅತ್ತೆ ಊರಲ್ಲೇ ಉಳಿದರು. ಮಕ್ಕಳು ಅಪ್ಪನನ್ನು ಕಂಡದ್ದು ರಜೆಗೆ ಬಂದಾಗ ಮಾತ್ರ.

2019ರಿಂದ ಅಲ್ಲಿ 'ಗೋಲ್ಡನ್ ವೀಸಾ' ಇದೆ, ಈಗ ಹತ್ತು ವರ್ಷದ್ದು. ಆದರೆ 20 ಲಕ್ಷ ದಿರ್ಹಮ್‌ನ ಆಸ್ತಿ, ತಿಂಗಳಿಗೆ 30,000 ದಿರ್ಹಮ್ ಸಂಬಳದ ವೃತ್ತಿಪರರು, ಇಂಥ ಲೆಕ್ಕದವರಿಗೆ. ಅಂಗಡಿಯಲ್ಲಿ ನಿಲ್ಲುವವನಿಗೆ ಅದು ಪೇಪರಿನ ಸುದ್ದಿ.

ಇಲ್ಲಿ 'ಫ್ರೀ ವೀಸಾ' ಎಂಬ ಪದವನ್ನೂ ಹೇಳಿಬಿಡಬೇಕು. ನಮ್ಮೂರಲ್ಲಿ ಇದು ಎಲ್ಲರಿಗೂ ಗೊತ್ತು, ಆದರೆ ಯಾವ ಕಾನೂನಿನಲ್ಲೂ ಇಲ್ಲ. ಏಜೆಂಟನಿಗೆ ದುಡ್ಡು ಕೊಟ್ಟು ಯಾರದೋ ಹೆಸರಿನಲ್ಲಿ ವೀಸಾ ತೆಗೆಯುವುದು, ಅಲ್ಲಿ ಹೋಗಿ ಬೇರೆ ಕಡೆ ದುಡಿಯುವುದು. ಫ್ರೀ ಅಂದರೆ ಪುಕ್ಕಟೆ ಅಲ್ಲ, ದುಬಾರಿಯೇ. ಕಾಗದದಲ್ಲಿ ಹೆಸರಿರುವ ಕಫೀಲನ ಬಳಿ ಅಲ್ಲದೆ ಪರವಾನಗಿಯಿಲ್ಲದೆ ಬೇರೆಡೆ ದುಡಿದರೆ ಅದು ಅಪರಾಧ. ಸಂಬಳ ಕೊಡದಿದ್ದರೂ ದೂರುವ ಹಾಗಿಲ್ಲ. ಮಾವ ಮೊದಲ ಎರಡು ವರ್ಷ ಹೀಗೇ ಇದ್ದದ್ದು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು 1983ರ ವಲಸೆ ಕಾಯಿದೆಯಂತೆ ಇಸಿಆರ್ ವರ್ಗದ್ದು. ಅಂಥವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರಕಾರದ ಅನುಮತಿ ಪಡೆಯಬೇಕು. ಈ ತಡೆ ಇರುವುದು ಅವರ ರಕ್ಷಣೆಗೇ. ಆದರೆ ಅದನ್ನು ತಪ್ಪಿಸಲೆಂದೇ ವಿಸಿಟ್ ವೀಸಾದಲ್ಲಿ ಹೋಗಿ ಸಿಕ್ಕಿಬೀಳುವವರುಂಟು.

ಈಗ ತಂಗಿಯ ವಿಷಯ. ಅವಳು ಬ್ರಿಟನ್ನಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅಲ್ಲಿ ದಿನಗಳು ಕೂಡುತ್ತವೆ, ಆದರೆ ಎಲ್ಲ ದಿನಗಳೂ ಅಲ್ಲ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಐದು ವರ್ಷ ಇದ್ದರೆ, ಇಂಗ್ಲಿಷ್ ಪರೀಕ್ಷೆ ಮತ್ತು 'ಲೈಫ್ ಇನ್ ದಿ ಯುಕೆ' ಪರೀಕ್ಷೆ ದಾಟಿ, ಕಾಲಮಿತಿ ಇಲ್ಲದೆ ಇರುವ ಅನುಮತಿಗೆ ಅರ್ಜಿ ಹಾಕಬಹುದೆಂಬುದು ಇಷ್ಟು ಕಾಲದ ನಿಯಮ. ಇದನ್ನು ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪವನ್ನು ಅಲ್ಲಿನ ಸರಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಮುಂದಿಟ್ಟಿತು. ವಿದ್ಯಾರ್ಥಿ ವೀಸಾದಲ್ಲಿ ಕಳೆದ ವರ್ಷ ಆ ಐದರ ಎಣಿಕೆಗೆ ಬರುವುದಿಲ್ಲ. ಓದು ಮುಗಿದ ಮೇಲಿನ ಗ್ರಾಜುಯೇಟ್ ವೀಸಾದ ಎರಡು ವರ್ಷವೂ ಬರುವುದಿಲ್ಲ. ಆ ಎರಡು ವರ್ಷವೂ 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಾಗುತ್ತದೆ. ಅಂದರೆ ಮೂರು ವರ್ಷ ಲಂಡನ್ನಿನ ಚಳಿಯಲ್ಲಿ ನಡುಗಿದ ಹುಡುಗಿ, ನೆಲೆಯ ಲೆಕ್ಕದಲ್ಲಿ ನಿನ್ನೆ ಇಳಿದವಳಿಗೆ ಸಮ. ಕೋರ್ಸು ಮಾರುವವರು ಇದನ್ನು ಹೇಳುವುದಿಲ್ಲ. ತಂಗಿಗೂ ಹೇಳಿರಲಿಲ್ಲ.

ಎರಡು ದೇಶಗಳಲ್ಲೂ 180 ದಿನದ ಒಂದು ಗೆರೆ ಇದೆ. ಎಮಿರೇಟ್ಸಿನಿಂದ ಅಷ್ಟು ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯ ವಾಸದ ವೀಸಾ ಬಿದ್ದುಹೋಗುತ್ತದೆ. ಬ್ರಿಟನ್ನಿನಲ್ಲಿ ಯಾವುದೇ 12 ತಿಂಗಳಲ್ಲಿ 180 ದಿನ ಮೀರಿ ಹೊರಗಿದ್ದರೆ ಸಾಮಾನ್ಯವಾಗಿ ಐದು ವರ್ಷದ ಎಣಿಕೆಯೇ ಮುರಿಯುತ್ತದೆ. ಅಮ್ಮ ಹಾಸಿಗೆ ಹಿಡಿದಾಗ ಊರಿಗೆ ಬಂದವರು ಕ್ಯಾಲೆಂಡರ್ ನೋಡಿಕೊಂಡು ಸೇವೆ ಮಾಡಬೇಕು. ಅಜ್ಜಿಯ ಕೊನೆಗಾಲದಲ್ಲಿ ಮಾವ ಐದು ತಿಂಗಳು ಕೂತು ಹೊರಟುಹೋದರು. ಹದಿನೆಂಟನೇ ದಿನಕ್ಕೆ ಅಜ್ಜಿ ತೀರಿಕೊಂಡರು. 'ಕಣ್ಣು ಮುಚ್ಚುವ ತನಕ ಇರಲಿಲ್ಲ' ಅಂತ ಊರವರು ಆಡಿಕೊಂಡರು. ವೀಸಾದ ಲೆಕ್ಕವನ್ನು ಯಾರೂ ಹೇಳಲಿಲ್ಲ, ಮಾವನೂ ಹೇಳಲಿಲ್ಲ.

ಸಂವಾದದಲ್ಲಿ ಸೊಲ್ಲಾಪುರದಿಂದ ಸೇರಿದ್ದ ಒಬ್ಬ ಗೆಳತಿ ಕೇಳಿದಳು: ಪೌರತ್ವವೇ ಸಿಕ್ಕಿಬಿಟ್ಟರೆ? ಬ್ರಿಟನ್ನಿನಲ್ಲಿ ಕಾಲಮಿತಿ ಇಲ್ಲದ ಅನುಮತಿ ಬಂದ ಸಾಮಾನ್ಯವಾಗಿ ಒಂದು ವರ್ಷದ ಬಳಿಕ ಅರ್ಜಿ ಹಾಕಬಹುದು. ಆದರೆ ನಮ್ಮ 1955ರ ಪೌರತ್ವ ಕಾಯಿದೆಯ ಪ್ರಕಾರ ಬೇರೆ ದೇಶದ ಪೌರತ್ವ ಪಡೆದ ಕೂಡಲೇ ಭಾರತದ ಪೌರತ್ವ ಹೋಗುತ್ತದೆ. ಆಮೇಲೆ ಸಿಗುವ ಒಸಿಐ ಕಾರ್ಡಿನಿಂದ ಬಂದು ಹೋಗಬಹುದು, ಇಲ್ಲಿ ಮತ ಹಾಕುವಂತಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ.

ಅಡಿಕೆ ತೋಟದ ಮನೆಯ ಮಗಳಿಗೆ ಈ ಕೊನೆಯದ್ದು ಸಣ್ಣ ವಿಷಯವಲ್ಲ. ತಂಗಿಗೆ ಫೋನಿನಲ್ಲಿ ಹೇಳಿದೆ. 'ಅಕ್ಕ, ಮೊದಲು ಸ್ಪಾನ್ಸರ್ ಲೈಸೆನ್ಸ್ ಇರುವ ಕಂಪೆನಿ ಸಿಗಲಿ, ತೋಟ ಆಮೇಲೆ' ಅಂದಳು. ಗ್ರಾಜುಯೇಟ್ ವೀಸಾ ಮುಗಿಯುವುದರೊಳಗೆ ಅವಳಿಗೆ ಅದು ಸಿಗಬೇಕು.