ಊರ ಮೈದಾನಕ್ಕೊಬ್ಬ ಮೇಷ್ಟ್ರು

ಜುಲೈ ಕಳೆದು ಆಗಸ್ಟ್ ಹಿಡಿಯಿತೆಂದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಶಾಲೆಗಳಲ್ಲಿ ಒಬ್ಬರಿಗೆ ಮಾತ್ರ ಪುರುಸೊತ್ತಿರುವುದಿಲ್ಲ. ಒಂದು ಕಡೆ ಸ್ವಾತಂತ್ರ್ಯ ದಿನದ ಕವಾಯತು, ಇನ್ನೊಂದು ಕಡೆ ವಲಯ ಮಟ್ಟದ ಕ್ರೀಡಾಕೂಟ. ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಲ್ಲಿಸಬೇಕು, ಸಂಜೆ ಖೋಖೋ ತಂಡವನ್ನು ಆಡಿಸಬೇಕು, ನಡುವೆ ಗೈರುಹಾಜರಾದ ಶಿಕ್ಷಕರ ತರಗತಿಯನ್ನೂ ನೋಡಿಕೊಳ್ಳಬೇಕು. ದಾಖಲೆಯಲ್ಲಿ ಇವರು ದೈಹಿಕ ಶಿಕ್ಷಣ ಶಿಕ್ಷಕರು. ಮಕ್ಕಳಿಗೆ ಪಿ.ಟಿ. ಮೇಷ್ಟ್ರು. ಹಿರಿಯರ ಬಾಯಲ್ಲಿ ಇವತ್ತಿಗೂ ಡ್ರಿಲ್ ಮೇಷ್ಟ್ರು.

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ ಸೀಮೆಯಂಥ ಕಡೆ ಈ ಹುದ್ದೆಯ ತೂಕವೇ ಬೇರೆ. ಬಾಬಾಬುಡನ್‌ಗಿರಿಯ ಆಚೆ ಸುರಿದು ಹೋದ ಮಳೆಯಲ್ಲಿ ಉಳಿದಷ್ಟು ಈ ಬಯಲಿಗೆ. ರಾಗಿ, ತೆಂಗು, ಈರುಳ್ಳಿ ನಂಬಿದ ಜನ. ಮದಗದ ಕೆರೆಗೆ ನೀರು ಬಂದರೆ ಮುಖದಲ್ಲಿ ಕಳೆ. ಇಂಥ ಊರುಗಳ ಮಗುವಿಗೆ ದುಡ್ಡು ಕಟ್ಟಿ ಸೇರುವ ಅಕಾಡೆಮಿ ದೂರದ ಮಾತು. ಓಡುವ ಕಾಲು, ಎಸೆಯುವ ತೋಳು ಯಾರಲ್ಲಿದೆ ಎಂದು ಗುರುತಿಸುವವರು ಯಾರಾದರೂ ಇದ್ದರೆ ಅದು ಶಾಲೆಯ ಈ ಮೇಷ್ಟ್ರೇ.

ಈ ವೃತ್ತಿಗೆ ನಮ್ಮಲ್ಲಿ ನೂರು ವರ್ಷ ದಾಟಿದ ಚರಿತ್ರೆಯಿದೆ. 1920ರಲ್ಲಿ ಎಚ್.ಸಿ. ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದರು. ದಕ್ಷಿಣದ ಶಾಲೆಗಳಿಗೆ ತರಬೇತಾದ ವ್ಯಾಯಾಮ ಶಿಕ್ಷಕರು ಬರತೊಡಗಿದ್ದು ಆಮೇಲೆ. ಕರ್ನಾಟಕದವರೇ ಆದ ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳ ಕವಾಯತನ್ನು ದೇಶಸೇವೆಯ ಜೊತೆ ಬೆಸೆಯಿತು. ಇವತ್ತಿಗೂ ಅನೇಕ ಶಾಲೆಗಳಲ್ಲಿ ಸೇವಾದಳದ ಹೊಣೆ ಬೀಳುವುದು ಪಿ.ಟಿ. ಮೇಷ್ಟ್ರ ಹೆಗಲಿಗೇ. ಜಾತ್ರೆಯಲ್ಲಿ ಜನರನ್ನು ಸಾಲು ನಿಲ್ಲಿಸಲು, ಊರ ಯುವಕರ ಕಬಡ್ಡಿ ಪಂದ್ಯಕ್ಕೆ ಸೀಟಿ ಊದಲು ಹಳ್ಳಿ ಅವರನ್ನೇ ಕರೆಯುತ್ತದೆ.

ಅವರ ಕಸುಬನ್ನು ಹತ್ತಿರದಿಂದ ನೋಡಬೇಕೆಂದರೆ ಕ್ರೀಡಾಕೂಟದ ಹಿಂದಿನ ದಿನ ಮೈದಾನಕ್ಕೆ ಹೋಗಬೇಕು. ಹಗ್ಗ, ಗೂಟ, ಅಳತೆ ಟೇಪು, ಸುಣ್ಣದ ಪುಡಿಯ ಬಕೆಟ್ಟು ಇವಿಷ್ಟೇ ಸಾಮಾನು. ನಡುವೆ ಗೂಟ ನೆಟ್ಟು, ಹಗ್ಗ ಬಿಗಿಹಿಡಿದು ಅರ್ಧವೃತ್ತ ಸುತ್ತಿ ಗೆರೆ ಎಳೆಯುತ್ತಾರೆ. ಅಂತರರಾಷ್ಟ್ರೀಯ ಅಳತೆಯ 400 ಮೀಟರ್ ಟ್ರ್ಯಾಕಿಗೆ ಎರಡು ಕಡೆ 84.39 ಮೀಟರ್ ನೇರ ದಾರಿ, ತಿರುವಿಗೆ 36.5 ಮೀಟರ್ ತ್ರಿಜ್ಯ ಬೇಕು. ಹಳ್ಳಿ ಶಾಲೆಯ ಜಾಗ ಅಷ್ಟಿರುವುದಿಲ್ಲ, 200 ಮೀಟರಿಗೇ ಹೊಂದಿಸಬೇಕು. ಹೊರಗಿನ ಪಥದಲ್ಲಿ ಓಡುವ ಮಗುವಿಗೆ ಅನ್ಯಾಯವಾಗದಂತೆ ಅದರ ಆರಂಭದ ಗೆರೆಯನ್ನು ಎಷ್ಟು ಮುಂದಕ್ಕೆ ಹಾಕಬೇಕು ಎಂಬುದೇ ಇಲ್ಲಿನ ಸೂಕ್ಷ್ಮ. ಪಥದ ಅಗಲ 1.22 ಮೀಟರ್ ಇದ್ದು ಒಂದು ಪೂರ್ತಿ ಸುತ್ತು ಓಡುವುದಾದರೆ ಎರಡನೇ ಪಥಕ್ಕೆ 7.04 ಮೀಟರ್ ಬಿಡಬೇಕು. ಅಲ್ಲಿಂದಾಚೆ ಪಥಕ್ಕೆ 7.67ರಂತೆ ಕೂಡಿಸುತ್ತಾ ಹೋಗಬೇಕು. ಮೈದಾನ ದೊಡ್ಡದಿರಲಿ ಚಿಕ್ಕದಿರಲಿ ಈ ಅಂತರ ಬದಲಾಗದು, ಏಕೆಂದರೆ ಅದನ್ನು ತೀರ್ಮಾನಿಸುವುದು ಪಥದ ಅಗಲವೇ. ಕರಿಹಲಗೆಯ ಮೇಲೆ ಅರ್ಥವಾಗದ ವೃತ್ತದ ಪರಿಧಿ, ಹಗ್ಗದ ತುದಿ ಹಿಡಿದು ನಿಂತ ಏಳನೇ ತರಗತಿಯ ಹುಡುಗನಿಗೆ ಇಲ್ಲಿ ಥಟ್ಟನೆ ಹೊಳೆಯುತ್ತದೆ.

ಗೆರೆ ಎಳೆದಷ್ಟಕ್ಕೆ ಕೆಲಸ ಮುಗಿಯದು. ವಲಯದಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ. ಒಂದೊಂದು ಮೆಟ್ಟಿಲಿಗೂ ವಯಸ್ಸಿನ ದಾಖಲೆ, ಪೋಷಕರ ಒಪ್ಪಿಗೆ, ಬಸ್ಸಿನ ಖರ್ಚು, ಉಳಿಯುವ ಜಾಗದ ಚಿಂತೆ. ಹೆಣ್ಣುಮಕ್ಕಳ ವಿಷಯದಲ್ಲಿ ಮೇಷ್ಟ್ರು ಮನೆಬಾಗಿಲಿಗೇ ಹೋಗಬೇಕಾಗುತ್ತದೆ. ‘ನಿಮ್ಮ ಮಗಳನ್ನು ಕರಕೊಂಡು ಹೋದ ಹಾಗೇ ಕರಕೊಂಡು ಬಂದು ಬಿಡ್ತೀನಿ ಕಣಮ್ಮ’ ಎಂಬ ಒಂದು ಮಾತಿನ ಮೇಲೆ ತಾಯಂದಿರು ಒಪ್ಪುತ್ತಾರೆ. ಆ ನಂಬಿಕೆಯನ್ನು ಯಾವ ಇಲಾಖೆಯ ಆದೇಶವೂ ತಂದುಕೊಡುವುದಿಲ್ಲ.

ಹಾಗೆ ಕಳಿಸಿದರೆ ಏನಾಗಬಹುದು ಎನ್ನುವುದಕ್ಕೆ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಕಣ್ಣೆದುರಿಗಿದೆ. ಆ ಊರಿನ ಶಾಲೆಯ ಅಂಗಳದಲ್ಲಿ ಖೋಖೋ ಕಲಿತ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದರು. ಫೈನಲ್‌ನಲ್ಲಿ ನೇಪಾಳದ ವಿರುದ್ಧ 78–40ರ ಗೆಲುವು. ಪುರುಷರ ವಿಭಾಗದಲ್ಲೂ ನೇಪಾಳವನ್ನು 54–36ರಿಂದ ಮಣಿಸಿದ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಆಡಿದರು. ಎರಡು ಕಂಬ, ಒಂದಿಷ್ಟು ಹದವಾದ ಮಣ್ಣು, ಸೀಟಿ ಹಿಡಿದ ಒಬ್ಬ ಗುರು ಇದ್ದರೆ ಸಾಕು, ಬೂಟೂ ಬೇಡದ ಆಟವಿದು. ಎಂಟು ಜನ ಸಾಲಾಗಿ, ಒಬ್ಬರು ಈ ಕಡೆ ಪಕ್ಕದವರು ಆ ಕಡೆ ಮುಖ ಮಾಡಿ ಕೂತು, ಒಬ್ಬರು ಅಟ್ಟಿಸಿಕೊಂಡು ಹೋಗಿ, ಸರಿಯಾದ ಗಳಿಗೆಯಲ್ಲಿ ಖೋ ಕೊಟ್ಟು ತಾನು ಕೂರಬೇಕು. ಬೇರೆಯವರಿಗೆ ದಾರಿ ಬಿಟ್ಟು ಕೂರುವುದನ್ನೂ ಆಟದ ಭಾಗವೆಂದು ಕಲಿಸುವ ಆಟ ಹಳ್ಳಿಯ ಮಕ್ಕಳಿಗೆ ಬೇರೊಂದಿಲ್ಲ.

ನಮ್ಮ ಕಡೂರಿನವರೇ ಆದ ವೇದಾ ಕೃಷ್ಣಮೂರ್ತಿಯವರ ಕತೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಗಲ್ಲಿಯಲ್ಲಿ ಹುಡುಗರೊಂದಿಗೆ ಚೆಂಡು ಬಾರಿಸುತ್ತಿದ್ದ, ಹನ್ನೆರಡಕ್ಕೇ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದ ಹುಡುಗಿ ಕ್ರಿಕೆಟ್ಟಿಗಾಗಿ 2005ರಲ್ಲಿ ಬೆಂಗಳೂರಿಗೆ ಹೋಗಬೇಕಾಯಿತು. 2011ರಲ್ಲಿ ಇಂಗ್ಲೆಂಡ್ ವಿರುದ್ಧದ ಮೊದಲ ಏಕದಿನ ಪಂದ್ಯದಲ್ಲೇ ಅರ್ಧಶತಕ, 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಗಳಲ್ಲಿ 70 ರನ್. ಬೆಂಗಳೂರಿಗೆ ಹೋಗಲು ಒಂದು ಮನೆ ಬೆನ್ನಿಗೆ ನಿಂತದ್ದರಿಂದ ಇದು ಸಾಧ್ಯವಾಯಿತು. ಹೋಗಲಾಗದ ಮನೆಗಳ ಮಕ್ಕಳಿಗೆ ಊರಲ್ಲೇ ಮೊದಲ ಬಾಗಿಲು ತೆರೆಯುವವರು ಪಿ.ಟಿ. ಮೇಷ್ಟ್ರು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ವಸತಿ ನಿಲಯಗಳಿಗೆ ಆಯ್ಕೆ ಯಾವಾಗ ಎಂಬ ಸುದ್ದಿ ಮನೆ ಮುಟ್ಟುವುದೂ ಅವರ ಮೂಲಕವೇ.

ಇಷ್ಟು ಹೊರುವವರನ್ನು ವ್ಯವಸ್ಥೆ ಹೇಗೆ ನಡೆಸಿಕೊಂಡಿದೆ? ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದಿತು. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಬೇಕೆಂದಿತು. ಅದಕ್ಕಿಂತ ಚಿಕ್ಕ ಶಾಲೆಗಳೇ ಹೆಚ್ಚಿರುವ ನಮ್ಮ ಬಯಲು ಹಳ್ಳಿಗಳ ಮಕ್ಕಳು ಈ ಲೆಕ್ಕದಿಂದಲೇ ಹೊರಗುಳಿಯುತ್ತಾರೆ. ತಮ್ಮನ್ನು ಸಹಶಿಕ್ಷಕರೆಂದು ಪರಿಗಣಿಸಿ, ದೈಹಿಕ ಶಿಕ್ಷಣದ ಕುರಿತ ವೈದ್ಯನಾಥನ್ ವರದಿ ಜಾರಿ ಮಾಡಿ ಎಂದು ರಾಜ್ಯದ ದೈಹಿಕ ಶಿಕ್ಷಕರು ವರ್ಷಾನುಗಟ್ಟಲೆ ಕೇಳುತ್ತಲೇ ಬಂದಿದ್ದಾರೆ. ವಿಶ್ವಕಪ್ ಗೆದ್ದು ಬಂದ ಚೈತ್ರಾ ಮತ್ತು ಗೌತಮ್, ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿ ಮತ್ತು ನೌಕರಿ ಕೊಟ್ಟಿರುವಾಗ ನಮ್ಮ ಸರ್ಕಾರದ 5 ಲಕ್ಷ ಬೇಡವೆಂದು ನಿರಾಕರಿಸಿದ್ದು ಇದೇ ತಾತ್ಸಾರದ ಇನ್ನೊಂದು ತುದಿ.

ಪದಕ ಬಂದ ದಿನ ಹಾರ ಹಾಕುವುದು ಸುಲಭ. ಪದಕದ ಬೇರು ಇರುವುದು ಖಾಲಿ ಬಿದ್ದಿರುವ ಮೇಷ್ಟ್ರ ಹುದ್ದೆಯಲ್ಲಿ, ಒತ್ತುವರಿಗೆ ಸಿಕ್ಕ ಶಾಲಾ ಮೈದಾನದಲ್ಲಿ. ಹತ್ತಿರದ ಎರಡು ಮೂರು ಚಿಕ್ಕ ಶಾಲೆಗಳಿಗೆ ಸೇರಿ ಒಬ್ಬರನ್ನಾದರೂ ಕಾಯಂ ಆಗಿ ನೇಮಿಸುವುದು ಸರ್ಕಾರದ ಕೆಲಸ. ಮೈದಾನ ಅಳೆಸಿ ಗಡಿ ಕಲ್ಲು ನೆಡಿಸುವುದು ಗ್ರಾಮ ಪಂಚಾಯ್ತಿಯ ಕೆಲಸ. ಆಟಕ್ಕೆ ಹೊರಟ ಮಗಳನ್ನು ತಡೆಯದೆ ಕಳಿಸುವುದು ನಮ್ಮ ಕೆಲಸ. ಈ ಮೂರೂ ಆದರೆ ಮುಂದಿನದನ್ನು ಮೇಷ್ಟ್ರು ನೋಡಿಕೊಳ್ಳುತ್ತಾರೆ; ಇಷ್ಟು ವರ್ಷ ಏನೂ ಇಲ್ಲದೆಯೂ ಅವರು ನೋಡಿಕೊಂಡೇ ಬಂದಿದ್ದಾರೆ.