ಸಕ್ಕರೆಪಾಕದಿಂದ ಶೀಸೆ: ನಿಕ್ಕಲಿನ ನೆರವು

ಹೊಟೇಲಿನ ಒಲೆಯ ಮೇಲೆ ಸಕ್ಕರೆಪಾಕವು ತಳಹತ್ತಿ ಕಂದಾದಾಗ ಅದರಲ್ಲಿ ಎಚ್.ಎಂ.ಎಫ್. ಎಂಬ ದ್ರವ್ಯವು ತುಸು ಹುಟ್ಟುವುದುಂಟು. ಇದಕ್ಕೆ ಆಮ್ಲಜನಕವನ್ನು ಕೂಡಿಸಿದರೆ ದೊರೆಯುವ ಆಮ್ಲದಿಂದ, ಕಲ್ಲೆಣ್ಣೆಯ ಹಂಗಿಲ್ಲದೆ ಪ್ಲಾಸ್ಟಿಕ್ ಶೀಸೆಗಳನ್ನು ಮಾಡಬಹುದು. ಆದರೆ ಈ ಕ್ರಿಯೆಯನ್ನು ಚುರುಕುಗೊಳಿಸಲು ಚಿನ್ನ, ಪ್ಲಾಟಿನಂಗಳೇ ಬೇಕೆಂದರೆ ಅಂತಹ ಶೀಸೆಯನ್ನು ಕೊಳ್ಳುವವರಾರು? ಒಳ್ಳೆಯ ಸ್ಟೀಲ್ ಪಾತ್ರೆಗಳಲ್ಲಿ ಬೆರೆಸುವ ನಿಕ್ಕಲೇ ಇಲ್ಲಿ ಸಾಕಾಗುವುದೆಂಬುದು ನಮಗೆ ಸಂತೋಷದ ಸಂಗತಿ.

ಕ್ಷಾರಜಲದಲ್ಲಿ ನಿಕ್ಕಲನ್ನು ಧನಧ್ರುವವಾಗಿರಿಸಿ ವಿದ್ಯುತ್ತನ್ನು ಹರಿಸಿದಾಗ ಅದರ ಮೈಮೇಲೆ ಮೂಡುವ ಪೊರೆಯು ಎಚ್.ಎಂ.ಎಫ್.ನಿಂದ ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುತ್ತದೆ; ವಿದ್ಯುತ್ತು ಆ ಪೊರೆಯನ್ನು ಪುನಃ ಸಜ್ಜುಗೊಳಿಸುತ್ತದೆ. ಎದುರು ಧ್ರುವದಲ್ಲಿ ಜಲಜನಕವೂ ಲಭಿಸುವುದು. ಪೋಲೆಂಡಿನ ರಸಾಯನಜ್ಞರು 1991ರಲ್ಲಿಯೇ ಹೀಗೆ ಶೇಕಡಾ 71ರಷ್ಟು ಆಮ್ಲವನ್ನು ಪಡೆದರು.

ತೊಡಕಿರುವುದು ಕ್ಷಾರದಲ್ಲಿ. ಅದು ಪ್ರಬಲವಾದರೆ ಎಚ್.ಎಂ.ಎಫ್. ತಾನಾಗಿಯೇ ಕೆಟ್ಟು ಕಪ್ಪು ಮಡ್ಡಿಯಾಗುತ್ತದೆ. ದುರ್ಬಲವಾದರೆ ನಿಕ್ಕಲಿನ ಚುರುಕೇ ಕುಂದುತ್ತದೆ.