ಒಪ್ಪತ್ತಿನ ಮರೆಯಲ್ಲಿ

ಕೊಪ್ಪಳ ಸೀಮೆಯ ತಳಕಲ್ ಸುತ್ತಮುತ್ತ ಹುಡುಗಿಯೊಬ್ಬಳು ಊಟ ಬಿಟ್ಟರೆ ಮೊದಲು ಬರುವ ಅನುಮಾನಗಳು ಗೊತ್ತೇ ಇವೆ: ರಕ್ತ ಕಡಿಮೆ, ಹೊಟ್ಟೆಯಲ್ಲಿ ಜಂತು, ಇಲ್ಲವೇ ಯಾರದೋ ದೃಷ್ಟಿ. ಮೊದಲೆರಡು ಈ ಭಾಗದಲ್ಲಿ ಅಪರೂಪವೇನಲ್ಲ. ಅದಕ್ಕೇ ಅವುಗಳಾಚೆಗೆ ಯಾರೂ ಯೋಚಿಸುವುದಿಲ್ಲ. ದಪ್ಪಗಾಗುವ ಭಯಕ್ಕೆ ಅನ್ನ ಬಿಡುವುದು, ಗಬಗಬ ತಿಂದು ಗಂಟಲಿಗೆ ಬೆರಳು ಹಾಕಿ ಕಕ್ಕುವುದು, ಇವೆಲ್ಲ ಬೆಂಗಳೂರಿನ ಉಳ್ಳವರ ಮಕ್ಕಳ ಕಾಯಿಲೆ ಎಂದು ನಮ್ಮ ನಂಬಿಕೆ.

ಫಿಜಿ ದ್ವೀಪದವರೂ ಹೀಗೇ ನಿಶ್ಚಿಂತರಾಗಿದ್ದರು. ಮೈತುಂಬಿದ ಹೆಂಗಸೇ ಚೆಂದ ಎನ್ನುವ ಸೀಮೆ ಅದು. ಅಲ್ಲಿನ ನಡ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ಹಾರ್ವರ್ಡ್‌ನ ಸಂಶೋಧಕಿ ಆ್ಯನ್ ಬೆಕರ್ ಆಗ ಶಾಲಾ ಹುಡುಗಿಯರನ್ನು ಮಾತಾಡಿಸಿದಾಗ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಒಬ್ಬರೂ ಸಿಗಲಿಲ್ಲ. 1998ರಲ್ಲಿ ಮತ್ತೆ ಕೇಳಿದರೆ ನೂರಕ್ಕೆ 11 ಮಂದಿ! ಅಲ್ಲಿಗೆ ಬಂದದ್ದು ಬರೀ ಟಿವಿ; ನಮ್ಮ ತಳಕಲ್‌ನ ಎಂಜಿನಿಯರಿಂಗ್ ಕಾಲೇಜಿಗೆ ಬರುವವರ ಕೈಯಲ್ಲಿ ಈಗ ಇರುವುದು ಮೊಬೈಲ್.

ಹಾಗೆಂದು ಎಲ್ಲ ಪಾಪವನ್ನೂ ಮೊಬೈಲಿನ ತಲೆಗೆ ಕಟ್ಟಿದರೆ ನಾವು ಸಲೀಸಾಗಿ ಪಾರಾದಂತೆ. ‘ಎಷ್ಟ್ ದಪ್ಪ ಆಗೀಯವ್ವ, ನಾಳೆ ಯಾರ್ ಮಾಡ್ಕೊಂತಾರ?’ ಎನ್ನುವವರು ಮೊಬೈಲಿನವರಲ್ಲ, ಅತ್ತಿ-ಚಿಗವ್ವಂದಿರು. ಹುಡುಗರಿಗೆ ‘ಸಣಕಲ’ ಎಂಬ ಚುಚ್ಚು. ಅಮೆರಿಕದ ಮಿನ್ನೆಸೋಟದಲ್ಲಿ ಹದಿಹರೆಯದವರನ್ನು ವರ್ಷಗಟ್ಟಲೆ ಗಮನಿಸಿದ ಡಯಾನ್ ನ್ಯೂಮಾರ್ಕ್-ಸ್ಟೈನರ್ ತಂಡಕ್ಕೆ ಕಂಡದ್ದೂ ಇದೇ: ಮೈಕಟ್ಟಿನ ಬಗ್ಗೆ ಆಡಿಕೊಂಡ ಮಾತು ಐದು ವರ್ಷದ ನಂತರವೂ ಊಟದ ತಟ್ಟೆಯ ಮುಂದೆ ಕೂತಿರುತ್ತದೆ. ಮನೆಯವರೊಂದಿಗೆ ಕೂತು ಉಣ್ಣುವ ಹುಡುಗಿಯರಲ್ಲಿ ಅತಿರೇಕದ ಪಥ್ಯ ಕಡಿಮೆ ಎಂದೂ ಅದೇ ತಂಡ ಕಂಡುಕೊಂಡಿತು. ಹುಡುಗರಲ್ಲಿ ಅಂಥ ಫಲ ಕಾಣಲಿಲ್ಲ.

ಕೂಡಿ ಉಣ್ಣುವುದು ಕೊಪ್ಪಳ ಸೀಮೆಗೆ ಹೊಸದೇನಲ್ಲ. ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರಿನಿಂದ ಟ್ರ್ಯಾಕ್ಟರ್‌ಗಟ್ಟಲೆ ಜೋಳದ ರೊಟ್ಟಿ ಬರುತ್ತವೆ. ಮನೆಯ ಮಾತೇ ಬೇರೆ. ಅವ್ವ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುತ್ತಾಳೆ. ಅಪ್ಪ-ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದರೆ ಮಕ್ಕಳು ಅಜ್ಜಿಯ ಬಳಿಯೋ ಹಾಸ್ಟೆಲಿನಲ್ಲೋ ಇರುತ್ತಾರೆ. ಅಂಥವರಿಗೆ ಶಾಲೆಯ ಬಿಸಿಯೂಟವೇ ದಿನದ ಕೂಡೂಟ. ಅಲ್ಲಿ ಪಕ್ಕದಲ್ಲಿ ಕೂತು ಉಣ್ಣುವ ಮೇಷ್ಟ್ರು ಬರೀ ಬಡಿಸುವುದನ್ನು ನೋಡಿ ಹೋಗುವ ಮೇಷ್ಟ್ರಿಗಿಂತ ಹೆಚ್ಚಿನ ಕೆಲಸ ಮಾಡುತ್ತಾರೆ ಅನ್ನಿಸುತ್ತದೆ.

ಹಸಿವು ತಾನೇ ಮನಸ್ಸನ್ನು ಕೆಡಿಸುತ್ತದೆ ಎಂಬುದನ್ನೂ ಮರೆಯಬಾರದು. 1944-45ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಪ್ರಯೋಗಕ್ಕೆಂದು 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಅವರಿಗೆ ಕೂತರೂ ನಿಂತರೂ ಊಟದ್ದೇ ಧ್ಯಾನ. ಮಂಕು ಕವಿಯಿತು, ಸಿಡುಕು ಹೆಚ್ಚಿತು. ಆಮೇಲೆ ಹೊಟ್ಟೆ ತುಂಬ ಸಿಕ್ಕಾಗಲೂ ಕೆಲವರಿಗೆ ಸಾಕೆನಿಸಲೇ ಇಲ್ಲ. ‘ಮನಸ್ಸು ಗಟ್ಟಿ ಮಾಡ್ಕೊಂಡು ಉಣ್ಣು’ ಎಂಬ ಬುದ್ಧಿವಾದ ನಾಟದಿರುವುದು ಇದಕ್ಕೇ.

ನಮ್ಮಲ್ಲಿ ಊಟ ಬಿಡುವುದನ್ನು ಮುಚ್ಚಿಡಲು ವ್ರತವೂ ಸಿಗುತ್ತದೆ. ಶ್ರಾವಣ ಸೋಮವಾರದ ಒಪ್ಪತ್ತು ಗುರುವಾರಕ್ಕೆ, ಶನಿವಾರಕ್ಕೆ ಹಬ್ಬಿದರೆ, ಮುಟ್ಟು ನಿಂತರೆ, ಉಂಡೊಡನೆ ಬಚ್ಚಲಿಗೆ ಹೋಗುವುದು ದಿನದ ರೂಢಿಯಾದರೆ ಅದು ಬರೀ ಭಕ್ತಿಯಲ್ಲ. ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರೆದೊಯ್ಯಿರಿ. ಅಲ್ಲಿಗೆ ಹೋಗಲು ಹಿಂಜರಿಕೆಯಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್ ಎಂಬ ಸಹಾಯವಾಣಿ, 2022ರಿಂದ ಇದೆ. ದುಡ್ಡಿಲ್ಲ, ಹಗಲು-ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ.